ಬಸರಿಗಟ್ಟಿಯ ಕಂಬ

೨೦೮೫ನೇ ಇಸವಿಯ ಬಸರಿಗಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ತೇಜಸ್ವಿನಿ ಹಂಚಿನಾಳ ಮೊದಲು ತಾನೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡಳು. ಪರದೆಯನ್ನು ಅಳಿಸಿ ಮತ್ತೊಮ್ಮೆ ಊರಿನ ಹೆಸರು ಹೊಡೆದಳು. ಊರು ಬಂತು. ಬಸರಿಮರ, ಅದರ ಕಟ್ಟೆ, ಶಾಲೆ, ಮಸೀದಿ, ಬಸವಣ್ಣನ ಗುಡಿ, ನಾಲ್ಕು ಓಣಿ ಎಲ್ಲವೂ ಇದ್ದವು. ಜನ ಮಾತ್ರ ಇರಲಿಲ್ಲ. ಈಗ, ಅಂದರೆ ೨೦೬೧ರಲ್ಲಿ, ಅದೇ ಊರಿನಲ್ಲಿ ಒಂಬೈನೂರ ಹದಿನಾರು ಮಂದಿ ಬದುಕುತ್ತಿದ್ದರು.

ಅವಳು ಕೂತಿದ್ದದ್ದು ಬಾಗಲಕೋಟೆಯಲ್ಲಿ, ಮೂರು ಹೊಳೆ ಸಾರಿಗೆ ಮಂಡಳಿಯ ನಿಯಂತ್ರಣ ಕೊಠಡಿಯಲ್ಲಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಈ ಮೂರು ಹೊಳೆಗಳ ನಡುವಿನ ಹನ್ನೊಂದು ಲಕ್ಷ ಜನಕ್ಕೆ ಚಾಲಕರಿಲ್ಲದ ನಾನೂರು ಬಸ್ಸುಗಳನ್ನು ಓಡಿಸುವ ಮಂಡಳಿ ಅದು. ಇಪ್ಪತ್ತನಾಲ್ಕು ವರ್ಷ ಮುಂದಿನ ಯೋಜನೆ ಮಾಡಲು ಮಂಡಳಿ ಒಂದು ಯಂತ್ರ ಕಟ್ಟಿಸಿತ್ತು. ಅದಕ್ಕೆ ಪಡಿನಾಡು ಎಂದು ಹೆಸರು. ಆ ಯಂತ್ರದೊಳಗೆ ಇಡೀ ಸೀಮೆಯ ಪಡಿಯಚ್ಚು ಇತ್ತು. ಪ್ರತಿ ಮನೆ, ಪ್ರತಿ ರಸ್ತೆ, ಮನೆಮನೆಯೊಳಗಿನ ಪ್ರತಿ ಮನುಷ್ಯ. ಹೆಸರಿಲ್ಲ, ವಯಸ್ಸು ಮತ್ತು ಮನೆ ಮಾತ್ರ. ದಿನಾ ಬೆಳಿಗ್ಗೆ ಅದು ಹಿಂದಿನ ದಿನ ಯಾರು ಎಲ್ಲಿ ಬಸ್ಸು ಹತ್ತಿದರು, ಎಲ್ಲಿ ಇಳಿದರು, ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾದರು ಎಂಬುದನ್ನು ನುಂಗುತ್ತಿತ್ತು. ಆಮೇಲೆ ಒಳಗಿನ ಜನರನ್ನು ಓಡಾಡಿಸಿ, ಮದುವೆ ಮಾಡಿಸಿ, ಮುದುಕರನ್ನಾಗಿಸಿ, ನಲವತ್ತು ನಿಮಿಷದಲ್ಲಿ ೨೦೮೫ಕ್ಕೆ ತಂದು ನಿಲ್ಲಿಸುತ್ತಿತ್ತು.

ಮಂಡಳಿ ಎರಡು ದೊಡ್ಡ ಗುರಿ ಹಾಕಿಕೊಂಡಿತ್ತು. ೨೦೮೫ರ ಹೊತ್ತಿಗೆ ಸೀಮೆಯ ಪ್ರತಿಯೊಬ್ಬರೂ ಒಂದು ತಾಸಿನೊಳಗೆ ಆಸ್ಪತ್ರೆ, ಕಾಲೇಜು, ಸಂತೆ ಮುಟ್ಟಬೇಕು. ನಿಲ್ದಾಣದಲ್ಲಿ ಕಾಯುವ ಹೊತ್ತು ಸರಾಸರಿ ಎಂಟು ನಿಮಿಷ ಮೀರಬಾರದು. ಅವತ್ತು ತಾಲೀಮಿನ ಓಟದಲ್ಲಿ ಎರಡೂ ಗುರಿ ಹಸಿರಾಗಿದ್ದವು. ಕೊಠಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿ, ಯಾರೋ ತರಿಸಿದ ಪೇಢೆ ತಿನ್ನುತ್ತಿದ್ದರು. ತೇಜಸ್ವಿನಿಗೆ ಮಾತ್ರ ಒಂದು ಹಳೇ ಚಾಳಿ. ದತ್ತಾಂಶ ವಿಭಾಗದ ಮುಖ್ಯಸ್ಥೆಯಾದ ಮೇಲೂ ಬಿಟ್ಟಿರಲಿಲ್ಲ. ಪ್ರತಿ ಓಟದ ನಂತರ ನಿಲ್ದಾಣಗಳ ಪಟ್ಟಿಯ ಮೇಲೆ ಕಣ್ಣುಮುಚ್ಚಿ ಬೆರಳಿಡುವುದು, ಬೆರಳು ಬಿದ್ದ ಊರಿನೊಳಗೆ ಹೊಕ್ಕು ನೋಡುವುದು. ಇವತ್ತು ಬೆರಳು ಬಸರಿಗಟ್ಟಿಯ ಮೇಲೆ ಬಿದ್ದಿತ್ತು.

ಅವಳು ವರ್ಷ ವರ್ಷವಾಗಿ ಹಿಂದಕ್ಕೆ ಹೋದಳು. ೨೦೬೨ರಲ್ಲಿ ಯೋಜನೆಯ ಪ್ರಕಾರ ಊರಿನ ನಿಲ್ದಾಣದ ಕಂಬ ತೆಗೆಯಲಾಗಿತ್ತು. ಆ ಕಂಬದ ತಲೆಯಲ್ಲೊಂದು ಕಣ್ಣಿರುತ್ತದೆ. ಎಷ್ಟು ಜನ ಕಾಯುತ್ತಿದ್ದಾರೆ ಎಂದು ಎಣಿಸುವುದು ಅದೇ. ಕಂಬ ಹೋದ ಮೇಲೆ ಎಣಿಕೆ ಎಂದೆಂದಿಗೂ ಸೊನ್ನೆ. ಕಾಯುವವರಿಲ್ಲ ಎಂದರೆ ಹೋಗುವ ಆಸೆಯೂ ಇಲ್ಲ ಎಂದು ಯಂತ್ರ ತಿಳಿಯಿತು. ಹೋಗಿಬರುವುದಿಲ್ಲದ ಊರಲ್ಲಿ ಜನ ನಿಲ್ಲುವುದಿಲ್ಲ ಎಂಬ ಸೂತ್ರ ಅದರೊಳಗೆ ಮೊದಲೇ ಇತ್ತು. ೨೦೬೬ರಲ್ಲಿ ಹುಡುಗರು ಹೋದರು. ೨೦೭೦ರಲ್ಲಿ ಶಾಲೆ ಮುಚ್ಚಿತು. ೨೦೭೪ರಲ್ಲಿ ಕೊನೆಯವಳಾಗಿ ಅರವತ್ತೆಂಟು ವರ್ಷದ ಒಬ್ಬ ಹೆಂಗಸು ಉಳಿದಿದ್ದಳು. ೨೦೭೫ರಲ್ಲಿ ಅವಳೂ ಇರಲಿಲ್ಲ.

ಇಂಥ ಊರು ಮೂವತ್ತೇಳು ಸಿಕ್ಕವು. ಇಪ್ಪತ್ತಾರು ಸಾವಿರ ಜನ. ಅವರು ಇಲ್ಲವಾದ್ದರಿಂದಲೇ ಉಳಿದ ಪ್ರತಿಯೊಬ್ಬರೂ ಒಂದು ತಾಸಿನೊಳಗೆ ಆಸ್ಪತ್ರೆ ಮುಟ್ಟುತ್ತಿದ್ದರು.

ಮುಖ್ಯ ಯೋಜಕರಾದ ಅನಿರುದ್ಧ ಜಹಾಗೀರದಾರರ ಮೇಜಿನ ಮುಂದೆ ಅವಳು ಹೋಗಿ ನಿಂತಾಗ ಅವರ ಕೈಯಲ್ಲಿನ್ನೂ ಅರ್ಧ ಪೇಢೆ ಇತ್ತು.

"ಸರ್, ಬಸರಿಗಟ್ಟಿಯೊಳಗ ಯಾರೂ ಇಲ್ರಿ."

"ಯಾವ ಬಸರಿಗಟ್ಟಿ?"

ಅವಳು ತೋರಿಸಿದಳು. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿದರು. ಅವಸರ ಮಾಡುವ ಮನುಷ್ಯರಲ್ಲ ಅವರು. ಮೂವತ್ತು ವರ್ಷ ಇದೇ ಕೆಲಸಕ್ಕೆ ಬದುಕು ತೇದವರು.

"ನೋಡ್ರಿ ತೇಜಸ್ವಿನಿ, ನಮ್ಮ ಹತ್ರ ಇರೋದು ನಾನೂರು ಬಸ್ಸು. ಅಲ್ಲಿಗೆ ಒಂದು ಕಳಿಸಿದ್ರ ಹೆಚ್ಚಂದ್ರ ಏಳು ಮಂದಿ ಹತ್ತಬಹುದು. ಇಲ್ಲಿ ಪ್ಯಾಟಿಯೊಳಗ ಓಡಿಸಿದ್ರ ಮುನ್ನೂರು ಮಂದಿ. ನೀವ ಹೇಳ್ರಿ, ನಾ ಯಾರಿಗೆ ಅನ್ಯಾಯ ಮಾಡ್ಲಿ?"

"ಅನ್ಯಾಯ ಮಾಡೋದಾದ್ರ ಮಾಡೀವಿ ಅಂತಾದ್ರೂ ಬರೀರಿ. ಇಪ್ಪತ್ತಾರು ಸಾವಿರ ಮಂದೀನ್ನ ಅಳಿಸಿ, ಎಲ್ಲಾರೂ ಆರಾಮ ಅದಾರ ಅಂತ ಹಸಿರು ದೀಪ ಹಚ್ಚೀವಿ."

"ಅಳಿಸಿದ್ದು ನಾನಲ್ಲ. ನಾಲ್ಕು ವರ್ಷದಿಂದ ಆ ಕಂಬದಾಗ ಕಾದವರ ಎಣಿಕೆ ಸೊನ್ನೆ ಐತಿ. ಅವರಿಗೇ ಬಸ್ಸು ಬ್ಯಾಡಾಗೇತಿ." ಅವರು ಪೇಢೆಯನ್ನು ಕಾಗದದ ಮೇಲಿಟ್ಟರು. "ಮುಂದಿನ ತಿಂಗಳು ಹದಿನೆಂಟಕ್ಕ ಸಾರ್ವಜನಿಕ ವಿಚಾರಣೆ. ಯೋಜನೆ ಹಿಂಗ ಹೋಗ್ತೈತಿ."

ಆ ಸಂಜೆ ಮನೆಯಲ್ಲಿ ಗಂಡ ಮಹಾಂತೇಶ ಮೊದಲೇ ಬಂದು ರೊಟ್ಟಿ ಬಡಿಯುತ್ತಿದ್ದ. ಅವನೂ ಅದೇ ಮಂಡಳಿಯವನು, ಕಂಬಗಳ ವಿಭಾಗದ ಫೋರ್‌ಮನ್. ಸೀಮೆಯ ಸಾವಿರದ ಚಿಲ್ಲರೆ ನಿಲ್ದಾಣದ ಕಂಬಗಳಲ್ಲಿ ಮುಕ್ಕಾಲು ಪಾಲು ಅವನ ತಂಡವೇ ನಿಲ್ಲಿಸಿದ್ದು. ಪುಂಡಿಪಲ್ಯ ಬಡಿಸುತ್ತ ಅವನೇ ಮಾತು ತೆಗೆದ.

"ಆದೇಶ ಬಂದೈತಿ. ಸೋಮವಾರದಿಂದ ಮೂವತ್ತೇಳು ಕಂಬ ಕೀಳಬೇಕಂತ. ಮೊದಲನೇದು ಬಸರಿಗಟ್ಟಿ."

ತೇಜಸ್ವಿನಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಯೋಜನೆ ಇನ್ನೂ ಒಪ್ಪಿಗಿ ಆಗಿಲ್ಲ. ವಿಚಾರಣೆ ಮುಂದಿನ ತಿಂಗಳು."

"ಅದಕ್ಕ ಈಗ ಕೀಳಸ್ತಾರ. ಆವಾಗ ಕಂಬಾನ ಇಲ್ಲಂದ್ರ ಮಾತಾಡಾಕ ಏನಿರ್ತೈತಿ?"

ಅವಳು ಮಧ್ಯಾಹ್ನ ಕಂಡದ್ದನ್ನೆಲ್ಲ ಹೇಳಿದಳು. ಅವನು ತಟ್ಟೆ ನೋಡುತ್ತ ಕೇಳಿದ. ಕೊನೆಗೆ, "ನಾ ನಿಲ್ಲಿಸಿದ ಕಂಬ ನಾನ ಕೀಳಬೇಕಂದ್ರ ನನಗೇನು ಹಿಗ್ಗಾಗ್ತೈತೇನು?" ಅಂದ. "ಆದ್ರ ತೇಜೂ, ಆದೇಶ ಆದೇಶ. ನಾಲ್ಕು ವರ್ಷದಾಗ ಅಲ್ಲಿ ಒಬ್ರೂ ನಿಂತಿಲ್ಲ. ನನಗೂ ಹೇಳಾಕ ಏನೂ ಇಲ್ಲ."

"ನಿಂತಿದ್ರ?"

"ನಿಂತಿದ್ರ ಬ್ಯಾರೆ. ಕಂಬದ ಕಣ್ಣಿಗೆ ಮೂರು ಮೀಟರಿನೊಳಗ ನಮ್ಮ ಆಳು ಬಿಟ್ಟು ಬ್ಯಾರೆ ಮನಷ್ಯಾ ಕಂಡ್ರ ಬುಡದ ಬೋಲ್ಟ್ ಬಿಚ್ಚಂಗಿಲ್ಲ. ಯಾರ ತಲಿ ಮ್ಯಾಲೂ ಬೀಳಬಾರದಂತ ನಾವ ಕೂಡಿಸಿದ ಕೀಲಿ ಅದು. ನನ್ನ ಹತ್ರ ಇರೋ ಚಾವಿ ಹಾಕಿ ತಿರುವಿದ್ರಷ್ಟ ಬಿಚ್ಚತೈತಿ." ಅವನು ತಲೆ ಎತ್ತಿ ಅವಳ ಮುಖ ನೋಡಿದ. "ಯಾಕ ಕೇಳಾಕತ್ತಿ?"

ಅವಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.  

ಭಾನುವಾರ ಬೆಳಿಗ್ಗೆ ಅವಳು ತನ್ನ ಸ್ಕೂಟರಿನ ಮೇಲೆ ಮೂವತ್ತೆಂಟು ಕಿಲೋಮೀಟರು ಹೋದಳು. ಬಸರಿಗಟ್ಟಿಯ ಕಂಬ ಊರ ಬಾಯಿಯಲ್ಲೇ ಇತ್ತು. ಅದಕ್ಕೊಂದು ಎಮ್ಮೆ ಕಟ್ಟಿದ್ದರು. ತಲೆಯ ಮೇಲಿನ ಸೌರಫಲಕಕ್ಕೆ ಧೂಳು ಹಿಡಿದಿದ್ದರೂ ಕಣ್ಣು ಮಿಣಮಿಣ ಮಿನುಗುತ್ತಿತ್ತು, ಅದರ ಕೆಳಗೆ ಹಸಿರು ಸೊನ್ನೆ. ಅವಳು ಹತ್ತಿರ ಹೋದಳು. ಸೊನ್ನೆ ಹೋಗಿ ಒಂದಾಯಿತು.

"ಯಾರವಾ ಅದು? ಬಸ್ಸಿಗೆ ನಿಂತಿಯೇನು?" ಪಕ್ಕದ ಮನೆಯ ಬಾಗಿಲಿಂದ ಒಬ್ಬ ಹೆಂಗಸು ನಗುತ್ತ ಕೂಗಿದಳು. "ಮುದುಕಿ ಆಗ್ತಿ ನೋಡು!"

ಅವಳ ಹೆಸರು ಮಾಬೂಬಿ ನದಾಫ. ಕಟ್ಟಿಗೆ ಒಲೆಯ ಮೇಲೆ ಗರಿಗರಿ ಕಟಕರೊಟ್ಟಿ ಮಾಡಿ ಮಾರುವವಳು. ಅವಳ ಪಡಸಾಲೆಯಲ್ಲಿ ಒಬ್ಬ ಮುದುಕ ಕೂತು ಹಾರ್ಮೋನಿಯಮ್ಮಿನ ಹೊಟ್ಟೆ ಬಿಚ್ಚಿ ಹಾಕಿಕೊಂಡಿದ್ದ. ಎರಡೂ ಕಣ್ಣು ಕಾಣದ ಶರಣಬಸು. ಪೇಟಿ ರಿಪೇರಿ ಮಾಡುವುದರಿಂದ ಊರವರಿಗೆ ಪೇಟಿ ಮಾಸ್ತರ.

ತೇಜಸ್ವಿನಿ ತಾನು ಯಾರೆಂದು ಹೇಳಿದಳು. ಮಂಡಳಿಯವಳೆಂದ ಕೂಡಲೇ ಮಾಬೂಬಿಯ ನಗು ಹೋಯಿತು.

"ಈಗ ನೆನಪಾತೇನ್ರಿ ನಮ್ಮೂರು? ಆ ಕಂಬದ ಗುಂಡಿ ಒತ್ತಿದ್ರ ಬಸ್ ಬರ್ತೈತಿ ಅಂದ್ರಿ. ಒಂದು ವರ್ಷ ಒತ್ತಿದ್ವಿ. ಬರ್ತೀನಿ ಬರ್ತೀನಿ ಅಂತಿತ್ತು, ಆಮ್ಯಾಲ ಪ್ಯಾಟ್ಯಾಗ ರಶ್ಶೈತಿ ಅಂತಿತ್ತು. ಮೂರು ತಾಸು ಬಿಸಲಾಗ ನಿಂತು ನನ್ನ ತಂಗಿ ಮಗಳ ಮದವಿ ತಪ್ಪಿತು. ಅವತ್ತ ಎಮ್ಮಿ ತಂದು ಕಟ್ಟಿದೆ."

"ನಿಮ್ಮ ತಂಗಿ ಎಲ್ಲದಾರ?"

"ಗುಳೇದಗುಡ್ಡದಾಗ. ಇಪ್ಪತ್ತಾರು ಕಿಲೋಮೀಟ್ರು. ಮುಖ ನೋಡಿ ಮೂರು ವರ್ಷಾತು. ಅಮೇರಿಕಾದಾಗ ಇದ್ರ ವರ್ಷಕ್ಕೊಮ್ಮೆ ಬರ್ತಿದ್ಲೋ ಏನೋ."

"ನಿಮಗೆಷ್ಟು ವಯಸ್ಸು?"

"ಐವತ್ತೈದು. ಯಾಕ್ರಿ?"

ತೇಜಸ್ವಿನಿ ಮನಸ್ಸಿನಲ್ಲೇ ಹದಿಮೂರು ಕೂಡಿಸಿದಳು. ಅರವತ್ತೆಂಟು. ಪಡಿನಾಡಿನೊಳಗೆ ಕೊನೆಗೆ ಉಳಿದಿದ್ದವಳ ವಯಸ್ಸು. ಅದನ್ನು ಹೇಳಲಿಲ್ಲ. ಉಳಿದದ್ದನ್ನು ಮಾತ್ರ ಹೇಳಿದಳು. ಕಂಬದ ಕಣ್ಣು ನಿಂತವರನ್ನಷ್ಟೇ ಎಣಿಸುತ್ತದೆ, ನಿಲ್ಲದವರು ಯಂತ್ರದ ಪಾಲಿಗೆ ಇಲ್ಲ, ನಾಳೆ ಕಂಬ ಕೀಳಲು ಬರುತ್ತಾರೆ, ಆಮೇಲೆ ನಿಂತರೂ ಎಣಿಸುವವರಿಲ್ಲ. ಮಾತು ಮುಗಿಯುವ ಹೊತ್ತಿಗೆ ಪಡಸಾಲೆಯಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು.

"ಬಸ್ ಬರಂಗಿಲ್ಲಂತ ನಾವು ನಿಲ್ಲಲಿಲ್ಲ. ನಾವು ನಿಲ್ಲಲಿಲ್ಲಂತ ಅವರು ಬಸ್ ಕಳಿಸಂಗಿಲ್ಲ. ಭೇಷ್!" ಎಂದ ಒಬ್ಬ.

"ಅಕ್ಕಾರ, ಒಂದು ಮಾತು," ಪೇಟಿ ಮಾಸ್ತರ ಕೈ ಎತ್ತಿದ. "ಆ ಕಣ್ಣಿಗೆ ಕುರುಡರು ಕಾಣ್ತಾರೇನ್ರಿ?"

"ಕಾಣ್ತಾರ್ರಿ ಮಾಸ್ತರ."

"ಹಂಗಾರ ನನಗಿಂತ ಚಲೋ ಐತಿ. ನಾ ನಿಲ್ತೀನಿ."

ಎಲ್ಲರೂ ನಕ್ಕರು. ಆದರೆ ತೇಜಸ್ವಿನಿಗೆ ಒಂದು ಭಯವಿತ್ತು. ಸುಳ್ಳು ಎಣಿಕೆ ಮಾಡಿಸಲು ಬಂದವಳು ತಾನಲ್ಲ. "ಸುಮ್ಮಸುಮ್ಮನ ಯಾರೂ ನಿಲ್ಲಬ್ಯಾಡ್ರಿ. ನಿಜವಾಗ್ಲೂ ಎಲ್ಲಿಗಾದ್ರೂ ಹೋಗೋದಿದ್ದೋರಷ್ಟ ನಿಲ್ರಿ," ಅಂದಳು.

 ತಾವು ಎಲ್ಲಿಗೆ ಹೋಗಬೇಕೆಂದು ಒಬ್ಬೊಬ್ಬರೇ ಹೇಳತೊಡಗಿದರು. ಪೇಟಿ ಮಾಸ್ತರ ಗುರುವಾರಕ್ಕೊಮ್ಮೆ ಬಾಗಲಕೋಟೆಯ ಸಂಗೀತ ಶಾಲೆಗೆ ಹೋಗುತ್ತಿದ್ದ, ಈಗ ಅಲ್ಲಿ ಹನ್ನೊಂದು ಪೇಟಿ ಸ್ವರ ಬಿಟ್ಟು ಬಿದ್ದಿದ್ದವು. ಒಬ್ಬಳು ಗಂಟಲಿನ ಗಡ್ಡೆ ತೋರಿಸಬೇಕಾಗಿತ್ತು, ಎರಡು ವರ್ಷದಿಂದ ನಾಳೆ ನಾಳೆ ಅನ್ನುತ್ತಿದ್ದಳು. ಒಬ್ಬಳು ನರ್ಸಿಂಗ್ ಸೀಟು ಸಿಕ್ಕರೂ ಬಿಟ್ಟು ಮನೆಯಲ್ಲಿ ಕೂತಿದ್ದಳು. ಒಬ್ಬ ಮುದುಕ ಕೂಡಲಸಂಗಮದಲ್ಲಿ ಒಂದು ಮುಳುಗು ಹಾಕಬೇಕಿತ್ತು. ಇನ್ನೊಬ್ಬ ನಾಚುತ್ತ, ನನಗೇನೂ ಕೆಲಸಿಲ್ರಿ, ಸುಮ್ನ ಪ್ಯಾಟಿ ನೋಡಿಬರಬೇಕು ಅನಸ್ತೈತಿ, ಅದು ನಡೀತೈತೇನು ಎಂದು ಕೇಳಿದ. ನಡೀತೈತಿ ಎಂದಳು ತೇಜಸ್ವಿನಿ. ಊರಿಗೆ ಊರೇ ಎಲ್ಲಿಗೋ ಹೊರಟು ನಾಲ್ಕು ವರ್ಷದಿಂದ ಹೊಸ್ತಿಲಲ್ಲೇ ಕೂತಿತ್ತು.

ಮಾಬೂಬಿ ಎದ್ದು ಹೋಗಿ ಎಮ್ಮೆಯ ಹಗ್ಗ ಬಿಚ್ಚಿದಳು.

ಸೋಮವಾರ ಹತ್ತು ಗಂಟೆಗೆ ಮಹಾಂತೇಶನ ಲಾರಿ, ಕ್ರೇನು, ನಾಲ್ಕು ಆಳು ಬಂದರು. ಕಂಬದ ಸುತ್ತ ನಲವತ್ತೊಂದು ಜನ ನಿಂತಿದ್ದರು. ಹಸಿರು ಅಂಕಿಯೂ ಅಷ್ಟನ್ನೇ ತೋರಿಸುತ್ತಿತ್ತು. ಕೈಯಲ್ಲಿ ಚೀಲ, ಬುತ್ತಿ, ಕೊಡೆ. ಪೇಟಿ ಮಾಸ್ತರ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದ.

"ಸರೀರಿ. ಕಂಬ ತೆಗೀಬೇಕು," ಅಂದ ಮಹಾಂತೇಶ.

"ನಾವು ಬಸ್ಸಿಗೆ ನಿಂತೀವಿ," ಎಂದಳು ಮಾಬೂಬಿ.

"ಬಸ್ ಬರಂಗಿಲ್ರಿ ಯವ್ವಾ."

"ಬರಂಗಿಲ್ಲಂತ ನೀ ಯಾರು ಹೇಳಾಕ? ನೀನೇನು ಬಸ್ಸೇನು?"

ಆಳುಗಳು ಮುಸಿಮುಸಿ ನಕ್ಕರು. ಮಹಾಂತೇಶ ಕಂಬದ ಬುಡಕ್ಕೆ ಕೂತು ಬೋಲ್ಟಿಗೆ ಪಾನಾ ಹಾಕಿದ. ತಿರುಗಲಿಲ್ಲ. ಜೇಬಿನಲ್ಲಿ ಚಾವಿ ಇತ್ತು. ಹಾಕಿದರೆ ಒಂದು ನಿಮಿಷದ ಕೆಲಸ. ಅವನು ಹಾಗೇ ಕೂತು ಮೇಲೆ ನೋಡಿದ. ಗುಂಪಿನ ಕೊನೆಯಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಅರ್ಧ ದಿನ ರಜೆ ಹಾಕಿದ ಅವನ ಹೆಂಡತಿ ನಿಂತಿದ್ದಳು.  ಅವನು ಎದ್ದು ಮೊಣಕಾಲಿನ ಮಣ್ಣು ಜಾಡಿಸಿ, ಕೆಲಸದ ವರದಿಯ ಪುಸ್ತಕ ತೆಗೆದು ಎಲ್ಲರೆದುರು ಗಟ್ಟಿಯಾಗಿ ಓದುತ್ತ ಬರೆದ:

"ಪ್ರಯಾಣಿಕರು ಕಾಯುತ್ತಿದ್ದಾರೆ. ಕಂಬ ತೆಗೆಯಲು ಬರುವುದಿಲ್ಲ. ಮಹಾಂತೇಶ ಹಂಚಿನಾಳ, ಫೋರ್‌ಮನ್."

ಲಾರಿ ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಮರುದಿನ ಮುಂದಿನೂರಿಗೆ ಹೋದರೆ ಅಲ್ಲೂ ಜನ ನಿಂತಿದ್ದರು. ಸುದ್ದಿ ಲಾರಿಗಿಂತ ಮುಂಚೆ ಓಡಿತ್ತು. ಎರಡು ವಾರದಲ್ಲಿ ಮೂವತ್ತೇಳು ಊರುಗಳ ಕಂಬಗಳ ಕೆಳಗೂ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಜನ ಪಾಳಿಯ ಮೇಲೆ ನಿಂತರು. ಹೊಲಕ್ಕೆ ಹೋಗುವವರು ಬಂದು ಒಂದು ತಾಸು, ಹಾಲು ಹಾಕಿ ಬಂದವರು ಎರಡು ತಾಸು. ಕೆಲವೂರಲ್ಲಿ ಚಪ್ಪರ ಹಾಕಿದರು. ಒಂದೂರಿನಲ್ಲಿ ಮದುವೆಯ ದಿಬ್ಬಣವೇ ಬಂದು ಬೀಗರೂರಿಗೆ ಹೋಗಬೇಕೆಂದು ನಾಲ್ಕು ತಾಸು ನಿಂತು, ಆಮೇಲೆ ಟ್ರ್ಯಾಕ್ಟರು ಹತ್ತಿತು.

ನಿಯಂತ್ರಣ ಕೊಠಡಿಯಲ್ಲಿ ಪಡಿನಾಡು ದಿನಾ ಬೆಳಿಗ್ಗೆ ಅದನ್ನೆಲ್ಲ ನುಂಗಿತು. ಸೀಮೆಯಲ್ಲಿ ದಿನಕ್ಕೆ ಬಸ್ಸು ಹತ್ತುವವರು ತೊಂಬತ್ತು ಸಾವಿರ ಜನ, ಅವರ ಸರಾಸರಿ ಕಾಯುವಿಕೆ ಆರೂವರೆ ನಿಮಿಷ. ಈಗ ಅದು ಒಂಬತ್ತಾಯಿತು, ಹನ್ನೆರಡಾಯಿತು, ಹದಿನೈದಕ್ಕೆ ಬಂದು ನಿಂತಿತು. ೨೦೮೫ರ ನಕ್ಷೆಯ ಮೇಲೆ ಹಸಿರಿದ್ದಲ್ಲೆಲ್ಲ ಕೆಂಪು ಹಬ್ಬಿತು. ಆದರೆ ತೇಜಸ್ವಿನಿ ನೋಡುತ್ತಿದ್ದದ್ದು ಬೇರೆ. ಆ ಕೆಂಪಿನೊಳಗೆ ಬಸರಿಗಟ್ಟಿಯ ಓಣಿಗಳಲ್ಲಿ ಜನ ಓಡಾಡುತ್ತಿದ್ದರು. ಸಾವಿರದ ಇನ್ನೂರು ಮಂದಿ. ಶಾಲೆ ತೆರೆದಿತ್ತು.

ವಿಚಾರಣೆಗೆ ನಾಲ್ಕು ದಿನ ಇದ್ದಾಗ ಜಹಾಗೀರದಾರರು ಅವಳನ್ನು ಕರೆದರು. ಅವರ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಒಂದು ಜಾಳಿಗಿ ಹಾಕಬೇಕು ದತ್ತಾಂಶಕ್ಕ. ನಲವತ್ತು ನಿಮಿಷಕ್ಕಿಂತ ಹೆಚ್ಚು ನಿಂತವರನ್ನ ಪ್ರಯಾಣಿಕರಲ್ಲ ಅಂತ ತೆಗದುಬಿಡೋದು. ನಿಜವಾದ ಪ್ರಯಾಣಿಕ ಯಾರೂ ಅಷ್ಟೊತ್ತು ಕಾಯಂಗಿಲ್ಲ. ಮುಖ್ಯಸ್ಥೆ ಅಂತ ನೀವು ಸಹಿ ಮಾಡಬೇಕು."

ತೇಜಸ್ವಿನಿ ಕಾಗದ ಓದಿದಳು. ಅವಳಿಗೆ ನಗು ಬಂತು, ಸಿಟ್ಟೂ ಬಂತು.

"ನಲವತ್ತು ನಿಮಿಷಕ್ಕಿಂತ ಹೆಚ್ಚು ಕಾದವರು ಪ್ರಯಾಣಿಕರಲ್ಲ ಅಂದ್ರ, ಸರ್, ನಮ್ಮ ಅಜ್ಜ ಮುತ್ಯಾನ ಕಾಲದಿಂದ ಈ ಸೀಮಿಯೊಳಗ ಪ್ರಯಾಣಿಕರು ಯಾರೂ ಹುಟ್ಟೇ ಇಲ್ಲ."

"ಚಾಷ್ಟಿ ಬ್ಯಾಡ್ರಿ. ಅವರನ್ನ ನಿಲ್ಲಿಸಿದೋರು ಯಾರಂತ ನನಗೆ ಗೊತ್ತಿಲ್ಲೇನು?"

"ನಿಲ್ರಿ ಅಂತ ನಾ ಹೇಳಿದ್ದು ಖರೆ. ಎಲ್ಲಿಗೆ ಹೋಗಬೇಕಂತ ಅವರಿಗೆ ನಾ ಹೇಳಿಕೊಟ್ಟಿಲ್ಲ. ಅದು ಅವರಲ್ಲೇ ಇತ್ತು."

"ಇಪ್ಪತ್ನಾಲ್ಕು ಬಸ್ಸು ಅಲ್ಲಿಗೆ ಕಳಿಸಿದ್ರ ಪ್ಯಾಟಿ ಜನ ಎರಡೆರಡು ನಿಮಿಷ ಹೆಚ್ಚು ಕಾಯಬೇಕಾಗ್ತೈತಿ. ತೊಂಬತ್ತು ಸಾವಿರ ಮಂದಿ! ಲೆಕ್ಕ ಹಾಕಿ ನೋಡ್ರಿ."

"ಹಾಕೀನ್ರಿ. ಎರಡು ನಿಮಿಷ ಕಾಯಲಿ," ಅಂದಳು. "ನಾನೂ ಪ್ಯಾಟಿಯಾಕಿನ. ನಾನೂ ಕಾಯ್ತೀನಿ."

ಅವಳು ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟಳು. ಮಧ್ಯಾಹ್ನವೇ ಅಮಾನತಿನ ಆದೇಶ ಬಂತು. ಅವಳ ಹೆಬ್ಬೆರಳಿಗೆ ಕೊಠಡಿಯ ಬಾಗಿಲು ತೆರೆಯದಾಯಿತು. ಬೇರೆ ಯಾರೋ ಸಹಿ ಮಾಡಿದರು, ಜಾಳಿಗೆ ಬಿತ್ತು, ನಕ್ಷೆ ಮತ್ತೆ ಹಸಿರಾಯಿತು.

ಮನೆಗೆ ಬಂದು ಅವಳು ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಅತ್ತಳು. ಇಪ್ಪತ್ತೆರಡು ವರ್ಷದ ಕೆಲಸ. ಮಹಾಂತೇಶ ಬಂದವನು ಎಲ್ಲ ಕೇಳಿ, ಸಮಾಧಾನದ ಮಾತೇನೂ ಆಡದೆ ಚಹಾಕ್ಕೆ ನೀರಿಟ್ಟ.

"ನನಗೂ ಕಾರಣ ಕೇಳಿ ನೋಟೀಸ್ ಬಂದೈತಿ," ಅಂದ ಚಹಾಪುಡಿ ಹಾಕುತ್ತ. "ಮೂವತ್ತೇಳು ಊರಾಗೂ ಚಾವಿ ಯಾಕ ಬಳಸಲಿಲ್ಲಂತ."

"ಏನಂತ ಬರದ್ರಿ?"

"ಚಾವಿ ಐತಿ, ಮನಸಿಲ್ಲ ಅಂತ." ಅವನು ಚಹಾ ಸೋಸಿದ. "ವಿಚಾರಣಿಗೆ ಯಾರು ಬೇಕಾದ್ರೂ ಬರಬಹುದಲ್ಲ? ಆ ಪೇಟಿ ಮಾಸ್ತರಗ ಬರಬೇಕಂತ. ಬಸ್ಸಂತೂ ಇಲ್ಲ. ನಮ್ಮ ಲಾರಿ ಐತಿ."

ಹದಿನೆಂಟನೇ ತಾರೀಕು ಬಾಗಲಕೋಟೆಯ ಕಲಾಭವನ ತುಂಬಿತ್ತು. ತುಂಬಿದವರೆಲ್ಲ ಪೇಟೆಯವರೇ. ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಮಾತು ಕಮ್ಮಿ. ಜಹಾಗೀರದಾರರು ಪಡಿನಾಡಿನ ದೊಡ್ಡ ಪರದೆಯೆದುರು ನಿಂತು ೨೦೮೫ರ ಹಸಿರು ನಾಡನ್ನು ತೋರಿಸಿದರು. ನೋಡಲು ಚೆಂದವಾಗಿತ್ತು. ಜನ ಚಪ್ಪಾಳೆ ತಟ್ಟಿದರು.

ಆಗ ಹಿಂದಿನ ಬಾಗಿಲಿಂದ ಮಹಾಂತೇಶ ಪೇಟಿ ಮಾಸ್ತರನ ಕೈ ಹಿಡಿದು ಕರೆತಂದ. ಮಂಡಳಿಯ ಕಂಬದ ಲಾರಿಯಲ್ಲೇ ಬಂದಿದ್ದರು. ಸಾರ್ವಜನಿಕರು ಮಾತಾಡಬಹುದು, ತಲಾ ಮೂರು ನಿಮಿಷ ಎಂದು ಕರೆದಾಗ ಮಾಸ್ತರ ಮೊದಲಿಗನಾಗಿ ಧ್ವನಿವರ್ಧಕದ ಮುಂದೆ ನಿಂತ.

"ಶರಣ್ರೀ. ನಾನು ಶರಣಬಸು, ಬಸರಿಗಟ್ಟಿ. ಚಪ್ಪಾಳಿ ಕೇಳಿ ಖುಷಿ ಆತು. ಆ ಪರದಾ ನನಗ ಕಾಣಂಗಿಲ್ಲ. ಅದಕ್ಕ ಕೇಳ್ತೀನಿ, ಅದರಾಗ ನಾನದೀನೇನ್ರಿ?"

 ಜಹಾಗೀರದಾರರು ಗಂಟಲು ಸರಿ ಮಾಡಿಕೊಂಡರು. "ಇದು ಇಪ್ಪತ್ನಾಲ್ಕು ವರ್ಷ ಮುಂದಿನ ಮಾತು, ಮಾಸ್ತರ."

"ಆತು, ಆವಾಗ ನಾ ಸತ್ತಿರ್ತೀನಿ. ನಮ್ಮೂರಾದ್ರೂ ಐತೇನ್ರಿ?"

ಜಹಾಗೀರದಾರರು ಕೈಯಲ್ಲಿದ್ದ ಕಾಗದ ತಿರುವಿದರು. "ಇಪ್ಪತ್ತಾರು ದಿನ ನಿಂತೀನಿ," ಎಂದು ಮಾಸ್ತರ ಮುಂದುವರಿಸಿದ. "ದಿನಾ ನಾಲ್ಕು ತಾಸು. ನಲವತ್ತು ನಿಮಿಷ ದಾಟಿದ್ರ ನಾ ಪ್ರಯಾಣಿಕ ಅಲ್ಲಂತ ನೀವು ಬರಕೊಂಡೀರಂತ. ಹಂಗಾರ ನಲವತ್ತೊಂದನೇ ನಿಮಿಷಕ್ಕ ನಾ ಏನಾದೆ? ಕಲ್ಲಾದ್ನೇನು?"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ಯಾವ ನಲವತ್ತು ನಿಮಿಷ?" ಎಂದು ಕೇಳಿದರು.

ತೇಜಸ್ವಿನಿ ಎದ್ದು ನಿಂತಳು. ಅವಳೂ ಸಾರ್ವಜನಿಕಳೇ ಈಗ. ಜಾಳಿಗೆಯ ಮಾತು, ಖಾಲಿಯಾದ ಊರುಗಳ ಮಾತು ಎಲ್ಲವನ್ನೂ ಮೂರೇ ನಿಮಿಷದಲ್ಲಿ ಹೇಳಿದಳು. ಕೊನೆಗೆ, "ಅದನ್ನ ತೆಗದು ಒಂದು ಸಲ ಓಡಿಸ್ರಿ. ನಲವತ್ತು ನಿಮಿಷ ಹಿಡೀತೈತಿ. ಇಲ್ಲಿರೋರು ಎಲ್ಲಾರೂ ಒಮ್ಮೆ ಕಾದು ನೋಡ್ರಿ," ಅಂದಳು.

ಅಧ್ಯಕ್ಷೆ ಜಹಾಗೀರದಾರರ ಕಡೆ ತಿರುಗಿದರು. "ಓಡಿಸ್ರಿ," ಎಂದರು.

ಆ ನಲವತ್ತು ನಿಮಿಷ ಕಲಾಭವನದಲ್ಲಿ ಜನ ಚಡಪಡಿಸಿದರು, ಗೊಣಗಿದರು, ಗಡಿಯಾರ ನೋಡಿದರು. ಹತ್ತು ನಿಮಿಷಕ್ಕೇ ಕೆಲವರು ಎದ್ದು ಹೋದರು. ಪೇಟಿ ಮಾಸ್ತರ ಮಾತ್ರ ನಿಂತಲ್ಲೇ ನಿಂತಿದ್ದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ರೂಢಿ ಆಗೇತಿ ಬಿಡ್ರಿ ಅಂದ.

ಪರದೆ ಕೆಂಪಾಯಿತು. ಪಡಿನಾಡು ತನ್ನ ಗುರಿಗಳನ್ನು ಮುಟ್ಟಲಾರದೆ ಬಸ್ಸುಗಳನ್ನು ಎಳೆದಾಡಿ, ಪೇಟೆಯ ದಾರಿಗಳಿಂದ ಇಪ್ಪತ್ತನಾಲ್ಕನ್ನು ಕಿತ್ತು ಊರುಗಳ ಕಡೆ ಅಟ್ಟಿತು. ಕಾಯುವಿಕೆ ಇಳಿಯುತ್ತ ಇಳಿಯುತ್ತ ಎಂಟೂವರೆಗೆ ಬಂದು ನಿಂತಿತು. ಗುರಿಗಿಂತ ಅರ್ಧ ನಿಮಿಷ ಹೆಚ್ಚು. ಹಸಿರಾಗಲೇ ಇಲ್ಲ. ಆದರೆ ಮೂವತ್ತೇಳು ಊರುಗಳಲ್ಲೂ ದೀಪ ಹೊತ್ತಿಕೊಂಡಿದ್ದವು.

ಜಹಾಗೀರದಾರರು ಕನ್ನಡಕ ಏರಿಸಿ ಪರದೆಯನ್ನು ಪೂರ್ತಿ ನೋಡಿದರು. ಆಮೇಲೆ ಯಾರೂ ಕೇಳದೆಯೇ, "ಗುರಿ ಬರೆದವರಲ್ಲಿ ನಾನೂ ಒಬ್ಬ. ಪ್ರತಿಯೊಬ್ಬರೂ ಅಂತ ಬರೆದಿದ್ವಿ. ಎಂಟು ನಿಮಿಷದ ಹಿಂದ ಬಿದ್ದು ಆ ಶಬ್ದ ಮರತೆ," ಅಂದು ಕೂತರು.

ಅಧ್ಯಕ್ಷೆ ಯೋಜನೆಗೆ ಒಪ್ಪಿಗೆ ಕೊಡಲಿಲ್ಲ, ತಿರಸ್ಕರಿಸಲೂ ಇಲ್ಲ. ತೊಂಬತ್ತು ದಿನ ಮೂವತ್ತೇಳು ಊರುಗಳಿಗೂ ದಿನಕ್ಕೊಂದು ಬಸ್ಸು ಓಡಿಸಿ, ಬಸ್ಸು ತುಂಬಿದ ಮೇಲೂ ಕಂಬದಲ್ಲಿ ಕಾಯುವವರು ಉಳಿದರೆ ಎರಡನೆಯದು, ಅಲ್ಲಿಯವರೆಗೆ ಒಂದು ಕಂಬವನ್ನೂ ಮುಟ್ಟಕೂಡದು ಎಂದರು. ತೇಜಸ್ವಿನಿಯ ಅಮಾನತಿನ ಬಗ್ಗೆ ಏನೂ ಹೇಳಲಿಲ್ಲ. ಅದು ಹಾಗೇ ಉಳಿಯಿತು.

ಒಂಬತ್ತು ದಿನದ ಮೇಲೆ, ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಬಸರಿಗಟ್ಟಿಯ ಏರಿನ ಮೇಲೆ ಬಸ್ಸಿನ ನೆತ್ತಿ ಕಂಡಿತು. ಕಂಬದ ಕೆಳಗೆ ನಲವತ್ತಾರು ಮಂದಿ ಇದ್ದರು. ಯಾರೂ ಕೂಗಲಿಲ್ಲ. ನಂಬಿಕೆಯೇ ಬಂದಿರಲಿಲ್ಲ. ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಮೊದಲು ಪೇಟಿ ಮಾಸ್ತರನನ್ನು ಹತ್ತಿಸಿದರು. ಅವನು ಸೀಟು ತಡವಿ ಕಿಟಕಿಯ ಪಕ್ಕವೇ ಬೇಕೆಂದು ಹಟ ಹಿಡಿದ. ಗಂಟಲು ತೋರಿಸಬೇಕಾದವಳು ಹತ್ತಿದಳು, ನರ್ಸಿಂಗಿನವಳು ಹತ್ತಿದಳು, ಸುಮ್ಮನೆ ಪೇಟೆ ನೋಡುವವನು ತಲೆ ಬಾಚಿಕೊಂಡು ಹತ್ತಿದ. ನಲವತ್ತು ಸೀಟು ತುಂಬಿ ಐದು ಜನ ನಿಂತರು.

ಮಾಬೂಬಿ ಹತ್ತಲಿಲ್ಲ. ಕೈಯಲ್ಲಿ ತಂಗಿಗೆಂದು ಕಟ್ಟಿದ ರೊಟ್ಟಿಯ ಗಂಟಿತ್ತು. ಅದನ್ನು ಹತ್ತುತ್ತಿದ್ದ ಒಬ್ಬಳ ಕೈಗೆ ಕೊಟ್ಟು, ಗುಳೇದಗುಡ್ಡದಾಗ ನದಾಫರ ಓಣಿ, ಹಸೀನಾ ಅಂತ ಕೇಳು ಅಂದಳು.

ಊರ ಬಸ್ಸು ನೋಡಲೆಂದೇ ಸ್ಕೂಟರಿನಲ್ಲಿ ಬಂದಿದ್ದ ತೇಜಸ್ವಿನಿ ಗಾಬರಿಯಾದಳು. "ಯಾಕ್ರಿ ಮಾಬೂಬಕ್ಕ? ಹತ್ರಿ! ನಾಲ್ಕು ವರ್ಷದ ಮ್ಯಾಲ ಬಂದೈತಿ!"

"ಎಲ್ಲಾರೂ ಹತ್ತಿ ಹೋದ್ರ ಈ ಕಂಬದಾಗ ಯಾರೂ ಇಲ್ಲಂತ ಬರಕೋತೈತಿ ನಿಮ್ಮ ಯಂತ್ರ. ಇವರಿಗೆ ಒಂದ ಬಸ್ ಸಾಕು ಅಂತೈತಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಎರಡನೇದು ಬರಲಿ. ಅದರಾಗ ಹೋಗ್ತೀನಿ."

"ಅದು ಯಾವಾಗ ಬರ್ತೈತೋ ಏನೋ! ಅಲ್ಲೀತನಾ?"

"ಅಲ್ಲೀತನಾ."

ಬಾಗಿಲು ಮುಚ್ಚಿತು. ಬಸ್ಸು ಏರು ಹತ್ತಿ ಮರೆಯಾಗುವವರೆಗೂ ಕಿಟಕಿಗಳಿಂದ ಕೈಗಳು ಕಾಣುತ್ತಿದ್ದವು. ಧೂಳು ಅಡಗಿದ ಮೇಲೆ ತೇಜಸ್ವಿನಿ ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಬಂದು ಮಾಬೂಬಿಯ ಪಕ್ಕಕ್ಕೆ ನಿಂತಳು.

"ನೀವೆಲ್ಲಿಗೆ ಹೋಗೋರು ಅಕ್ಕಾರ?" ಮಾಬೂಬಿ ಕೇಳಿದಳು. "ಸುಳ್ಳು ನಿಲ್ಲಬಾರದಂತ ನೀವ ಹೇಳೀರಿ."

"ಗುಳೇದಗುಡ್ಡಕ್ಕ," ಅಂದಳು ತೇಜಸ್ವಿನಿ. "ನಿಮ್ಮ ತಂಗಿನ್ನ ನೋಡಾಕ."